ರಶ್ದಿ ಮೇಲಿನ ಫತ್ವಾ ಯಾಕೆ ಸಾಯಲಿಲ್ಲ?

2022ರ ಆಗಸ್ಟ್ 12ರ ಬೆಳಿಗ್ಗೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಷಟಾಕ್ವಾ ಎಂಬಲ್ಲಿ ಸಲ್ಮಾನ್ ರಶ್ದಿ ವೇದಿಕೆ ಮೇಲೆ ಕೂತಿದ್ದರು. ಸ್ವಂತ ದೇಶದಲ್ಲಿ ಬದುಕಲಾಗದ ಲೇಖಕರಿಗೆ ಆಸರೆ ಕೊಡುವುದರ ಬಗ್ಗೆ ಅವತ್ತಿನ ಮಾತುಕತೆ. ಮಾತು ಶುರುವಾಗುವಷ್ಟರಲ್ಲೇ ಒಬ್ಬ ಯುವಕ ಚಾಕು ಹಿಡಿದು ನುಗ್ಗಿದ. ಜೊತೆಗಿದ್ದ ಸಂದರ್ಶಕರು ಮತ್ತು ಸಭಿಕರು ಸೇರಿ ಅವನನ್ನು ಕೆಡವುವ ಹೊತ್ತಿಗೆ 27 ಸೆಕೆಂಡ್ ಕಳೆದಿತ್ತು. 75 ವರ್ಷದ ರಶ್ದಿಯವರ ಕುತ್ತಿಗೆ, ಮುಖ, ಎದೆ, ಹೊಟ್ಟೆ, ಕೈಗೆ ಹತ್ತಾರು ಇರಿತ. ಬಲಗಣ್ಣು ಹೋಯಿತು. ಎಡಗೈಯ ನರಗಳು ತುಂಡಾದವು. ಪಿತ್ತಜನಕಾಂಗಕ್ಕೂ ಪೆಟ್ಟು.

ಇರಿದವನಿಗೆ 24 ವರ್ಷ. ಹುಟ್ಟಿ ಬೆಳೆದಿದ್ದೆಲ್ಲ ಅಮೆರಿಕದಲ್ಲಿ. ಯಾವ ಪುಸ್ತಕದ ಕಾರಣಕ್ಕೆ ರಶ್ದಿ ತಲೆಗೆ ಬೆಲೆ ಕಟ್ಟಿದ್ದರೋ ಆ ಪುಸ್ತಕ ಬಂದಾಗ ಅವನು ಹುಟ್ಟೇ ಇರಲಿಲ್ಲ. ಜೈಲಿನಿಂದ ಪತ್ರಿಕೆಯೊಂದಕ್ಕೆ ಕೊಟ್ಟ ಸಂದರ್ಶನದಲ್ಲಿ, ಸುಮಾರು ಎರಡು ಪುಟ ಓದಿದ್ದೇನೆ ಅಂದ. ಕೊಲ್ಲಿ ಎಂದು ಆದೇಶ, ಅಂದರೆ ಆ ಫತ್ವಾ, ಹೊರಡಿಸಿದ ಇರಾನಿನ ಸರ್ವೋಚ್ಚ ನಾಯಕ ಅಯಾತೊಲ್ಲಾ ಖೊಮೇನಿ ಸತ್ತು ಆಗಲೇ 33 ವರ್ಷ ಆಗಿತ್ತು. ಅಷ್ಟೇ ಅಲ್ಲ, ಇರಾನ್ ಸರ್ಕಾರ ರಶ್ದಿಯನ್ನು ಕೊಲ್ಲುವ ಕೆಲಸಕ್ಕೂ ತನಗೂ ಸಂಬಂಧ ಇಲ್ಲ ಎಂದು ಜಗತ್ತಿನ ಮುಂದೆ ಹೇಳಿ 24 ವರ್ಷ.

ಹೇಳಿದವನಿಲ್ಲ. ಸರ್ಕಾರ ಕೈತೊಳೆದುಕೊಂಡಿದೆ. ಪುಸ್ತಕ ಓದಿಲ್ಲ. ಆದರೂ ಚಾಕು ಬಂತು. ಇದು ಹೇಗೆ ಸಾಧ್ಯವಾಯಿತು ಅನ್ನೋದನ್ನು ಬಿಡಿಸಿ ನೋಡಿದರೆ ಉಳಿದದ್ದೆಲ್ಲ ಅರ್ಥವಾಗುತ್ತದೆ.

ಪುಸ್ತಕದಲ್ಲಿ ಇದ್ದದ್ದೇನು?

'ದಿ ಸಟಾನಿಕ್ ವರ್ಸಸ್' ಲಂಡನ್ನಿನಲ್ಲಿ ಬಿಡುಗಡೆಯಾಗಿದ್ದು 1988ರ ಸೆಪ್ಟೆಂಬರ್ 26ಕ್ಕೆ. ರಶ್ದಿ ಆಗಲೇ ದೊಡ್ಡ ಹೆಸರು. 1947ರಲ್ಲಿ ಬಾಂಬೆಯಲ್ಲಿ ಹುಟ್ಟಿ, ಇಂಗ್ಲೆಂಡಿನಲ್ಲಿ ಓದಿ, ಜಾಹೀರಾತು ಬರೆಯುವ ಕೆಲಸ ಮಾಡಿ, 1981ರಲ್ಲಿ 'ಮಿಡ್‌ನೈಟ್ಸ್ ಚಿಲ್ಡ್ರನ್' ಕಾದಂಬರಿಗೆ ಬೂಕರ್ ಪ್ರಶಸ್ತಿ ಪಡೆದಿದ್ದರು. ಪಾಕಿಸ್ತಾನದ ರಾಜಕಾರಣವನ್ನು ಗೇಲಿ ಮಾಡಿದ ಅವರ 'ಶೇಮ್' ಕಾದಂಬರಿಯ ಪರ್ಷಿಯನ್ ಅನುವಾದಕ್ಕೆ ಇರಾನಿನಲ್ಲೇ ಬಹುಮಾನ ಸಿಕ್ಕಿತ್ತು. ಅಂದರೆ ಟೆಹರಾನ್‌ಗೆ ಅವರು ಮೊದಲಿನಿಂದಲೂ ಶತ್ರು ಆಗಿರಲಿಲ್ಲ.

ಹೊಸ ಕಾದಂಬರಿ ಮುಖ್ಯವಾಗಿ ವಲಸೆ ಹೋದವರ ಕತೆ. ಅಪಹರಣಕ್ಕೊಳಗಾದ ವಿಮಾನ ಇಂಗ್ಲಿಷ್ ಕಡಲ್ಗಾಲುವೆ ಮೇಲೆ ಸಿಡಿಯುತ್ತದೆ. ಅದರಿಂದ ಇಬ್ಬರು ಭಾರತೀಯ ನಟರು ಕೆಳಗೆ ಬಿದ್ದು ಬದುಕುತ್ತಾರೆ. ಒಬ್ಬ ಜಿಬ್ರೀಲ್ ಫರಿಶ್ತಾ, ಸಿನಿಮಾದಲ್ಲಿ ದೇವರ ಪಾತ್ರ ಮಾಡಿ ಹೆಸರು ಮಾಡಿದವನು. ಇನ್ನೊಬ್ಬ ಸಲಾದಿನ್ ಚಮ್ಚಾ, ಇಂಗ್ಲಿಷರಿಗಿಂತ ಜಾಸ್ತಿ ಇಂಗ್ಲಿಷನಾಗಲು ಹೊರಟವನು. ಆಮೇಲೆ ಲಂಡನ್ನಿನ ವಲಸಿಗರ ಬೀದಿ, ಪೊಲೀಸರ ಕ್ರೌರ್ಯ, ಜನಾಂಗ ದ್ವೇಷ ಎಲ್ಲ ಬರುತ್ತದೆ.

ಜಗಳ ಎದ್ದದ್ದು ಜಿಬ್ರೀಲ್‌ಗೆ ಬೀಳುವ ಕನಸುಗಳ ಭಾಗಕ್ಕೆ. ಅವನಿಗೆ ತಲೆ ಕೆಡುತ್ತಿರುತ್ತದೆ. ಕನಸಿನಲ್ಲಿ ಮರುಭೂಮಿಯ ನಗರ ಕಾಣುತ್ತದೆ, ಹೊಸ ಧರ್ಮ ಸಾರುವ ಪ್ರವಾದಿ ಕಾಣುತ್ತಾನೆ. ಆ ಪ್ರವಾದಿಗೆ ಕೊಟ್ಟ ಹೆಸರು, ಮಧ್ಯಯುಗದ ಯುರೋಪಿನಲ್ಲಿ ಪೈಗಂಬರರನ್ನು ಬೈಯಲು ಬಳಸುತ್ತಿದ್ದ ಹೆಸರು. ಅಲ್ಲೊಂದು ವೇಶ್ಯಾಗೃಹದಲ್ಲಿ ಹೆಂಗಸರು ಪ್ರವಾದಿಯ ಪತ್ನಿಯರ ಹೆಸರು ಇಟ್ಟುಕೊಳ್ಳುತ್ತಾರೆ. ಪುಸ್ತಕದ ಶೀರ್ಷಿಕೆಯೂ ಒಂದು ಹಳೆಯ, ವಿವಾದದ ಕತೆಯಿಂದ ಬಂದದ್ದು. ಸೈತಾನ ನುಡಿಸಿದ ಸಾಲುಗಳು ದೇವರ ಮಾತಿನ ನಡುವೆ ಸೇರಿಬಿಟ್ಟವು, ಆಮೇಲೆ ಅವನ್ನು ತೆಗೆಯಲಾಯಿತು ಎಂಬ ಕತೆ. ತಬರಿಯಂಥ ಹಳೆಯ ಇತಿಹಾಸಕಾರರು ಇದನ್ನು ದಾಖಲಿಸಿದ್ದಾರೆ. ಹೆಚ್ಚಿನ ಮುಸ್ಲಿಂ ವಿದ್ವಾಂಸರು ಇದು ಕಟ್ಟುಕತೆ ಎನ್ನುತ್ತಾರೆ.

ರಶ್ದಿ ಪರ ಇದ್ದವರು ಹೇಳಿದ್ದು, ಇದು ಹುಚ್ಚು ಹಿಡಿಯುತ್ತಿರುವ ಪಾತ್ರದ ಕನಸು, ಕಾದಂಬರಿ, ಇತಿಹಾಸವಲ್ಲ. ನೊಂದವರು ಹೇಳಿದ್ದು, ಕನಸಿನ ಹೆಸರಲ್ಲಿ ನಾವು ಪ್ರಾಣಕ್ಕಿಂತ ಹೆಚ್ಚು ಪ್ರೀತಿಸುವವರನ್ನು ಕೀಳು ಮಾಡಿದ್ದೀರಿ. ಎರಡೂ ಕಡೆಯ ಮಾತು ಕೇಳಿಸಿಕೊಳ್ಳಬಹುದಾದದ್ದೇ. ನೋವಾಗಿದ್ದು ಸುಳ್ಳಲ್ಲ. ಆದರೆ ಆ ನೋವಿಗೂ ಕೊಲೆಗೂ ನಡುವೆ ಬಹಳ ದೂರ ಇತ್ತು. ಆ ದೂರವನ್ನು ದಾಟಿಸಿದವರು ಬೇರೆ, ಅವರ ಲೆಕ್ಕವೂ ಬೇರೆ.

ಮೊದಲ ಬಾಗಿಲು ಮುಚ್ಚಿದ್ದು ದೆಹಲಿ

ಈ ಕತೆಯಲ್ಲಿ ನಮ್ಮ ದೇಶದ ಪಾತ್ರ ದೊಡ್ಡದು. ಅದನ್ನು ನಾವು ಸ್ವಲ್ಪ ಮರೆತಂತಿದೆ.

ಪುಸ್ತಕ ಲಂಡನ್ನಿನಲ್ಲಿ ಬಂದು ಹತ್ತು ದಿನವೂ ಆಗಿರಲಿಲ್ಲ. 1988ರ ಅಕ್ಟೋಬರ್ 5ಕ್ಕೆ ರಾಜೀವ್ ಗಾಂಧಿ ಸರ್ಕಾರ ಅದರ ಆಮದು ನಿಲ್ಲಿಸಿತು. ನಿಷೇಧ ಬಂದದ್ದು ಗೃಹ ಇಲಾಖೆಯಿಂದಲ್ಲ, ಹಣಕಾಸು ಇಲಾಖೆಯಿಂದ. ಕಸ್ಟಮ್ಸ್ ಕಾಯ್ದೆಯ 11ನೇ ಸೆಕ್ಷನ್ ಕೆಳಗೆ. ಚಿನ್ನ, ಮಾದಕ ವಸ್ತು ತಡೆಯುವ ಕಾನೂನಿನಲ್ಲೇ ಕಾದಂಬರಿಯನ್ನೂ ತಡೆದರು. ಪುಸ್ತಕದ ಸಾಹಿತ್ಯಕ ಗುಣದ ಬಗ್ಗೆ ನಮ್ಮ ತಕರಾರಿಲ್ಲ ಎಂದು ಇಲಾಖೆ ಬೇರೆ ಹೇಳಿತು. ಒಳ್ಳೆಯ ವಿಮರ್ಶೆಗೆ ಥ್ಯಾಂಕ್ಸ್ ಎಂದು ರಶ್ದಿ ಬಹಿರಂಗ ಪತ್ರದಲ್ಲಿ ಚುಚ್ಚಿದರು.

ಇಷ್ಟು ಅವಸರ ಯಾಕೆ? ಸಂಸದ ಸೈಯದ್ ಶಹಾಬುದ್ದೀನ್ ಮತ್ತಿತರರು ನಿಷೇಧ ಕೇಳಿದ್ದರು. ಶಹಾಬುದ್ದೀನ್ ತಾವು ಪುಸ್ತಕ ಓದಿಲ್ಲ ಎಂದು ಮುಚ್ಚಿಡಲೂ ಇಲ್ಲ. ಮುಂದಿನ ವರ್ಷ ಲೋಕಸಭೆ ಚುನಾವಣೆ. ತಲಾಖ್ ಆದ ಮುಸ್ಲಿಂ ಮಹಿಳೆಯ ಜೀವನಾಂಶದ ಬಗ್ಗೆ ಎದ್ದ ಶಾಬಾನು ಪ್ರಕರಣದ ಗಾಯ ಇನ್ನೂ ಹಸಿ. ಪೆಂಗ್ವಿನ್ ಇಂಡಿಯಾಗೆ ಸಲಹೆಗಾರರಾಗಿದ್ದ ಖುಷ್ವಂತ್ ಸಿಂಗ್ ಕೂಡ ಇದನ್ನು ಇಲ್ಲಿ ಅಚ್ಚು ಮಾಡಬೇಡಿ, ಗಲಭೆ ಆಗುತ್ತದೆ ಎಂದಿದ್ದರು. ಅವರ ಭಯ ಗಾಳಿಯಿಂದ ಬಂದದ್ದಲ್ಲ. 1986ರ ಡಿಸೆಂಬರಿನಲ್ಲಿ ಬೆಂಗಳೂರಿನ ಇಂಗ್ಲಿಷ್ ಪತ್ರಿಕೆಯೊಂದರ ಭಾನುವಾರದ ಪುರವಣಿಯಲ್ಲಿ ಬಂದ ಒಂದು ಸಣ್ಣಕತೆಗೆ ಬೆಂಗಳೂರು, ಮೈಸೂರಿನಲ್ಲಿ ಗಲಭೆಯಾಗಿ ಜನ ಸತ್ತಿದ್ದು ಆಗಿನ್ನೂ ಎರಡು ವರ್ಷದ ಹಿಂದಿನ ಮಾತು.

ಗಲಭೆ ತಪ್ಪಿಸಲು ನಿಷೇಧ ಎಂದರು. ಗಲಭೆ ತಪ್ಪಲಿಲ್ಲ. ಪುಸ್ತಕವೇ ಸಿಗದ ಬಾಂಬೆಯಲ್ಲಿ 1989ರ ಫೆಬ್ರವರಿ 24ರಂದು ಪ್ರತಿಭಟನೆಯ ಮೇಲೆ ಪೊಲೀಸರು ಗುಂಡು ಹಾರಿಸಿ 12 ಮಂದಿ ಸತ್ತರು.

ಒಂದೊಂದೇ ದೇಶ ಬಾಗಿಲು ಮುಚ್ಚಿತು. ಬ್ರಿಟನ್ನಿನಲ್ಲಿ ಇನ್ನೊಂದು ಸಿಟ್ಟು. ಅಲ್ಲಿ ಧರ್ಮನಿಂದನೆಯ ವಿರುದ್ಧ ಕಾನೂನು ಇತ್ತು, ಆದರೆ ಅದು ಕಾಯುತ್ತಿದ್ದುದು ಕ್ರೈಸ್ತ ಧರ್ಮವನ್ನು ಮಾತ್ರ. ನಮ್ಮ ದೂರಿಗೆ ಕೋರ್ಟಿನಲ್ಲಿ ಜಾಗವೇ ಇಲ್ಲವಲ್ಲ ಎಂದು ಅಲ್ಲಿನ ಮುಸ್ಲಿಮರಿಗೆ ಅನ್ನಿಸಿದ್ದರಲ್ಲಿ ತಪ್ಪಿಲ್ಲ. (ಆ ಕಾನೂನು ರದ್ದಾಗಿದ್ದು 2008ರಲ್ಲಿ.) 1989ರ ಜನವರಿ 14ಕ್ಕೆ ಬ್ರಾಡ್‌ಫರ್ಡ್ ಪಟ್ಟಣದಲ್ಲಿ ಕ್ಯಾಮೆರಾಗಳ ಮುಂದೆ ಪುಸ್ತಕ ಸುಟ್ಟರು. ಆ ಚಿತ್ರ ಜಗತ್ತೆಲ್ಲ ಸುತ್ತಿತು. ಫೆಬ್ರವರಿ 12ಕ್ಕೆ ಇಸ್ಲಾಮಾಬಾದ್‌ನ ಅಮೆರಿಕನ್ ಸಾಂಸ್ಕೃತಿಕ ಕೇಂದ್ರದ ಮುಂದೆ ಪೊಲೀಸ್ ಗುಂಡಿಗೆ ಕನಿಷ್ಠ ಐವರು ಬಲಿಯಾದರು. ಎರಡು ದಿನ ಬಿಟ್ಟು ಟೆಹರಾನ್ ರೇಡಿಯೋ ಮಾತಾಡಿತು.

ಫೆಬ್ರವರಿ 14

ಫತ್ವಾ ಎಂದ ಕೂಡಲೇ ಮರಣದಂಡನೆ ಅಂದುಕೊಳ್ಳುವವರೇ ಜಾಸ್ತಿ. ಅದಕ್ಕೆ ಕಾರಣವೂ ಈ ಪ್ರಕರಣವೇ. ನಿಜಕ್ಕೂ ಅದು ಧಾರ್ಮಿಕ ಪ್ರಶ್ನೆಗೆ ಬಲ್ಲವರು ಕೊಡುವ ಅಭಿಪ್ರಾಯ. ಬ್ಯಾಂಕಿನ ಬಡ್ಡಿ ಸರಿಯೇ, ಉಪವಾಸದಲ್ಲಿ ಔಷಧಿ ತೆಗೆದುಕೊಳ್ಳಬಹುದೇ, ಇಂಥವು. ದಿನಾ ಬರುತ್ತವೆ, ದಿನಾ ಚರ್ಚೆಯಾಗುತ್ತವೆ.

ಖೊಮೇನಿ ಹೊರಡಿಸಿದ್ದು ಬೇರೆ ಥರದ್ದು. ಲೇಖಕನಿಗೂ, ಒಳಗೇನಿದೆ ಎಂದು ಗೊತ್ತಿದ್ದೂ ಪುಸ್ತಕ ಹೊರತರಲು ನೆರವಾದ ಎಲ್ಲರಿಗೂ ಸಾವು ಎಂದು ಅದು ಸಾರಿತು. ಎಲ್ಲಿ ಸಿಕ್ಕರೂ ಬೇಗ ಕೊಲ್ಲಿ ಎಂದು ಜಗತ್ತಿನ ಮುಸ್ಲಿಮರಿಗೆ ಕರೆ ಕೊಟ್ಟಿತು. ಈ ಪ್ರಯತ್ನದಲ್ಲಿ ಸತ್ತವನು ಹುತಾತ್ಮ ಎಂದಿತು. ಆರೋಪಿಯ ಮಾತು ಕೇಳಿಲ್ಲ, ವಿಚಾರಣೆ ಇಲ್ಲ, ಮೇಲ್ಮನವಿ ಇಲ್ಲ. ಒಂದು ದೇಶದ ನಾಯಕ ಇನ್ನೊಂದು ದೇಶದ ಪ್ರಜೆಯನ್ನು ಕೊಲ್ಲಲು ಮೂರನೆಯವರಿಗೆ ರೇಡಿಯೋದಲ್ಲಿ ಹೇಳಿದ್ದರು. ವಿಚಾರಣೆ ಇಲ್ಲದೆ ಸಾವಿನ ಶಿಕ್ಷೆ ಹೇಗೆ ಎಂದು ಕೈರೋದ ಅಲ್ ಅಜ್ಹರ್ ವಿಶ್ವವಿದ್ಯಾಲಯದ ವಿದ್ವಾಂಸರು ಪ್ರಶ್ನಿಸಿದರು. ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಸೇರಿದ ಇಸ್ಲಾಮಿಕ್ ದೇಶಗಳ ಸಭೆ ಪುಸ್ತಕವನ್ನು ಖಂಡಿಸಿತು, ಆದರೆ ಕೊಲ್ಲುವ ಆದೇಶಕ್ಕೆ ಸಹಿ ಹಾಕಲಿಲ್ಲ.

ಐದು ತಿಂಗಳ ಹಿಂದೆ ಬಂದ ಪುಸ್ತಕಕ್ಕೆ ಖೊಮೇನಿಗೆ ಆಗ ಯಾಕೆ ಸಿಟ್ಟು ಬಂತು? ಇರಾನ್ ರಾಜಕೀಯ ಬಲ್ಲವರು ಬೆರಳು ತೋರಿಸುವುದು ಯುದ್ಧದ ಕಡೆಗೆ. ಇರಾಕ್ ಜೊತೆ ಎಂಟು ವರ್ಷ ಕಾದಾಡಿ, ಲಕ್ಷಗಟ್ಟಲೆ ಜನರನ್ನು ಕಳೆದುಕೊಂಡು, 1988ರ ಜುಲೈನಲ್ಲಿ ಏನೂ ಗೆಲ್ಲದೆ ಕದನವಿರಾಮ ಒಪ್ಪಬೇಕಾಗಿತ್ತು. ಕ್ರಾಂತಿಯ ಬಿಸಿ ಆರುತ್ತಿತ್ತು. ಮುಸ್ಲಿಂ ಜಗತ್ತಿನ ನಾಯಕತ್ವಕ್ಕೆ ಸೌದಿ ಅರೇಬಿಯಾ ಜೊತೆ ಪೈಪೋಟಿ ಇತ್ತು. ಬ್ರಾಡ್‌ಫರ್ಡ್, ಇಸ್ಲಾಮಾಬಾದ್‌ನ ಬೀದಿಗಳಲ್ಲಿ ಸಿಟ್ಟು ಕುದಿಯುತ್ತಿತ್ತು, ಅದಕ್ಕೊಬ್ಬ ಮುಂದಾಳು ಇರಲಿಲ್ಲ. ಒಂದೇ ಹೇಳಿಕೆಯಲ್ಲಿ ಖೊಮೇನಿ ಆ ಜಾಗ ಹಿಡಿದರು. ಕಾದಂಬರಿಯಲ್ಲಿ ದೇಶಭ್ರಷ್ಟನಾದ ಒಬ್ಬ ಇಮಾಮ್ ಪಾತ್ರವೂ ಇದೆ, ಖೊಮೇನಿಯನ್ನೇ ಹೋಲುವಂಥದ್ದು. ಆದರೆ ಅದಕ್ಕೇ ಇದೆಲ್ಲ ಅನ್ನೋದು ನನಗೆ ಅಷ್ಟು ನಂಬಿಕೆಯ ಮಾತಲ್ಲ.

ಮುಂದಿನ ಐದು ದಿನ ಬಹಳ ಮುಖ್ಯ. ಇರಾನಿನ ಒಂದು ಧಾರ್ಮಿಕ ಪ್ರತಿಷ್ಠಾನ ಕೊಂದವನಿಗೆ ಹಣ ಘೋಷಿಸಿತು, ಮೊತ್ತ ದಶಲಕ್ಷ ಡಾಲರ್‌ಗಳಲ್ಲಿ. ಆಗ ಅಧ್ಯಕ್ಷರಾಗಿದ್ದ ಅಲಿ ಖಮೇನಿ (ಹೆಸರು ಹತ್ತಿರ, ಆದರೆ ಬೇರೆ ವ್ಯಕ್ತಿ, ಮುಂದೆ ಸರ್ವೋಚ್ಚ ನಾಯಕರಾದವರು) ಲೇಖಕ ಕ್ಷಮೆ ಕೇಳಿದರೆ ಜನ ಕ್ಷಮಿಸಬಹುದೇನೋ ಎಂದರು. ರಶ್ದಿ ಫೆಬ್ರವರಿ 18ಕ್ಕೆ ನೊಂದವರಿಗೆ ವಿಷಾದ ಹೇಳಿದರು. ಮರುದಿನವೇ ಖೊಮೇನಿ ಕಡೆಯಿಂದ ಉತ್ತರ ಬಂತು: ಪಶ್ಚಾತ್ತಾಪ ಪಟ್ಟು ಈ ಕಾಲದ ಮಹಾ ಭಕ್ತನೇ ಆದರೂ ಆದೇಶ ಬದಲಾಗದು. ಆಮೇಲೆ ಖಮೇನಿಯೂ ಬಾಣ ಬಿಲ್ಲು ಬಿಟ್ಟಾಗಿದೆ ಎಂಬರ್ಥದಲ್ಲಿ ಮಾತಾಡಿದರು.

ಒಂದು ವಾರದೊಳಗೆ ಅಧ್ಯಕ್ಷರಿಂದಲೇ ನಿಲ್ಲಿಸಲು ಆಗಲಿಲ್ಲ. ಜೂನ್ 3ಕ್ಕೆ ಖೊಮೇನಿ ತೀರಿಕೊಂಡರು. ಅದರ ಮೇಲೆ ಇನ್ನೊಂದು ವಾದ ಹುಟ್ಟಿತು. ಫತ್ವಾ ಕೊಟ್ಟವರು ಮಾತ್ರ ಅದನ್ನು ಹಿಂದಕ್ಕೆ ಪಡೆಯಬಹುದು, ಅವರು ಈಗಿಲ್ಲ, ಹಾಗಾಗಿ ಅದು ಶಾಶ್ವತ. ಈ ವಾದವನ್ನು ಒಪ್ಪದ ವಿದ್ವಾಂಸರಿದ್ದಾರೆ. ಆದರೆ ಟೆಹರಾನ್ ಮುಂದಿನ ಎಲ್ಲ ವರ್ಷ ಇದನ್ನೇ ಹಿಡಿದುಕೊಂಡಿತು.

ಜೋಸೆಫ್ ಆಂಟನ್ ಎಂಬ ಬಾಡಿಗೆದಾರ

ಆ ಮಂಗಳವಾರ ರಶ್ದಿಗೆ ವಿಷಯ ತಿಳಿಸಿದ್ದು ಬಿಬಿಸಿಯ ಒಬ್ಬ ವರದಿಗಾರ್ತಿಯ ಫೋನ್. ಅವತ್ತೇ ಲಂಡನ್ನಿನ ಚರ್ಚೊಂದರಲ್ಲಿ ಗೆಳೆಯ, ಲೇಖಕ ಬ್ರೂಸ್ ಚ್ಯಾಟ್ವಿನ್ ಅವರ ಶ್ರದ್ಧಾಂಜಲಿ ಸಭೆ ಇತ್ತು. ಅಲ್ಲಿಗೆ ಹೋದರು. ಅಲ್ಲಿಂದ ಆಚೆ ಅವರು ಹಳೆಯ ಮನೆಗೆ ವಾಸಕ್ಕೆ ಮರಳಲಿಲ್ಲ.

ಬ್ರಿಟನ್ ಅವರಿಗೆ ಲಂಡನ್ ಪೊಲೀಸರ ವಿಶೇಷ ವಿಭಾಗದ ಕಾವಲು ಕೊಟ್ಟಿತು. ಸರ್ಕಾರ ಎಲ್ಲೋ ಗುಟ್ಟಿನ ಬಂಗಲೆಯಲ್ಲಿ ಇಟ್ಟು ಸಾಕಿತು ಎಂದು ಹಲವರು ಅಂದುಕೊಂಡಿದ್ದರು. ಹಾಗಿರಲಿಲ್ಲ. ಕಾವಲಿನ ಖರ್ಚು ಸರ್ಕಾರದ್ದು. ಮನೆ ಹುಡುಕಿ ಬಾಡಿಗೆ ಕಟ್ಟುವುದು ರಶ್ದಿಯದೇ ತಲೆನೋವು. ಅದೂ ಪೊಲೀಸರು ಒಪ್ಪುವ ಮನೆ. ಕಾರಿಗೆ ಜಾಗ ಬೇಕು, ಜೊತೆಗೇ ಇರುವ ಸಶಸ್ತ್ರ ಪೊಲೀಸರಿಗೆ ಮಲಗುವ ಕೋಣೆ ಬೇಕು, ಪಕ್ಕದವರಿಗೆ ಅನುಮಾನ ಬರಬಾರದು. ಗೆಳೆಯರು ತಮ್ಮ ಮನೆ ಬಿಟ್ಟುಕೊಟ್ಟರು. ಸುಳಿವು ಸಿಕ್ಕಿತು ಅನ್ನಿಸಿದ ಕೂಡಲೇ ಗಂಟುಮೂಟೆ ಕಟ್ಟಬೇಕು.

ಬಾಡಿಗೆ ಕಟ್ಟಲು, ಬ್ಯಾಂಕ್ ಖಾತೆಗೆ ಒಂದು ಸುಳ್ಳು ಹೆಸರು ಬೇಕಿತ್ತು. ಭಾರತೀಯ ಹೆಸರು ಬೇಡ ಎಂದರು ಪೊಲೀಸರು. ರಶ್ದಿ ತಮಗಿಷ್ಟವಾದ ಜೋಸೆಫ್ ಕಾನ್ರಾಡ್ ಮತ್ತು ಆಂಟನ್ ಚೆಕಾಫ್ ಎಂಬ ಇಬ್ಬರು ಲೇಖಕರ ಮೊದಲ ಹೆಸರು ಸೇರಿಸಿ ಜೋಸೆಫ್ ಆಂಟನ್ ಆದರು. ಕಾವಲಿನವರು ಅದನ್ನು 'ಜೋ' ಮಾಡಿದರು. ಅದು ಅವರಿಗೆ ಹಿಡಿಸಲೇ ಇಲ್ಲ. 2012ರಲ್ಲಿ ಆ ಹೆಸರಿನಲ್ಲೇ ಆತ್ಮಕತೆ ಬರೆದರು. ಇಡೀ ಪುಸ್ತಕದಲ್ಲಿ 'ನಾನು' ಇಲ್ಲ, 'ಅವನು' ಎಂದೇ ಬರೆದಿದ್ದಾರೆ.

ಆ ಪುಸ್ತಕದಲ್ಲಿ ಓದುಗರನ್ನು ಕಾಡುವುದು ಸಾವಿನ ಭಯಕ್ಕಿಂತ ನಾಚಿಕೆ. ಒಮ್ಮೆ ಕುರಿ ಸಾಕುವ ರೈತನೊಬ್ಬ ಮನೆಯ ಹತ್ತಿರ ಬಂದಾಗ ರಶ್ದಿ ಅಡುಗೆಮನೆ ಕಟ್ಟೆಯ ಹಿಂದೆ ಕುಕ್ಕುರುಗಾಲಲ್ಲಿ ಬಚ್ಚಿಟ್ಟುಕೊಳ್ಳಬೇಕಾಯಿತು. ಬೂಕರ್ ಗೆದ್ದವರು, ನಲವತ್ತು ದಾಟಿದವರು. ಪೊಲೀಸರು ವೇಷ ಮರೆಸಲು ವಿಗ್ ಮಾಡಿಸಿಕೊಟ್ಟರು. ಅದನ್ನು ಹಾಕಿಕೊಂಡು ರಸ್ತೆಗಿಳಿದರೆ ಜನ ನೋಡಿದ ತಕ್ಷಣ ಗುರುತು ಹಿಡಿದರು. ಆ ವಿಗ್ ಅಲ್ಲಿಗೇ ಮುಗಿಯಿತು.

ಮಗ ಜಾಫರ್‌ಗೆ ಆಗ ಒಂಬತ್ತು ವರ್ಷ. ಮೊದಲ ಹೆಂಡತಿಯ ಜೊತೆ ಇದ್ದ. ಅವನನ್ನು ನೋಡುವುದೆಂದರೆ ಒಂದು ಪೊಲೀಸ್ ಕಾರ್ಯಾಚರಣೆ. ಮಗನಿಗೆ ಕತೆ ಬರೆದುಕೊಡುತ್ತೇನೆ ಎಂದು ಮಾತು ಕೊಟ್ಟಿದ್ದರು. ಆ ಮಾತಿನಿಂದ ಬಂದದ್ದು 1990ರ 'ಹರೂನ್ ಅಂಡ್ ದಿ ಸೀ ಆಫ್ ಸ್ಟೋರೀಸ್'. ಕತೆ ಹೇಳುವ ಶಕ್ತಿಯನ್ನೇ ಕಳೆದುಕೊಂಡ ಅಪ್ಪ, ಅದನ್ನು ಮರಳಿ ತರಲು ಹೊರಟ ಮಗ. ಅಜ್ಞಾತವಾಸದಲ್ಲಿ ಬರೆದ ಆ ಪುಸ್ತಕದಲ್ಲಿ ಇಷ್ಟೊಂದು ನಗು ಎಲ್ಲಿಂದ ಬಂತೋ ಅನ್ನಿಸುತ್ತದೆ. ಆಗಿನ ಹೆಂಡತಿ, ಲೇಖಕಿ ಮೇರಿಯಾನ್ ವಿಗಿನ್ಸ್ ಜೊತೆಗಿನ ಮದುವೆ ಆ ಬದುಕನ್ನು ತಾಳಿಕೊಳ್ಳಲಿಲ್ಲ.

ಹೊರಗಿನಿಂದ ಇನ್ನೊಂದು ಬಗೆಯ ಪೆಟ್ಟು. ಇವನಿಗೆ ನಮ್ಮ ತೆರಿಗೆ ಹಣ ಯಾಕೆ ಎಂದು ಕೆಲವು ಪತ್ರಿಕೆಗಳು ಬರೆದವು. ರೋಲ್ಡ್ ಡಾಲ್‌ರಂಥ ಲೇಖಕರೇ ಇದನ್ನೆಲ್ಲ ಅವನು ಬೇಕಂತಲೇ ಮೈಮೇಲೆ ಎಳೆದುಕೊಂಡ ಎಂಬ ಧಾಟಿಯಲ್ಲಿ ಮಾತಾಡಿದರು. ಕಾದಂಬರಿಕಾರ ಜಾನ್ ಲೆ ಕ್ಯಾರೆ ಜೊತೆ ಪತ್ರಿಕೆಯಲ್ಲೇ ದೊಡ್ಡ ಜಗಳ ನಡೆಯಿತು. ವಿಮಾನ ಕಂಪನಿಗಳು ಹತ್ತಿಸಿಕೊಳ್ಳಲು ಹೆದರಿದವು. ಹುಟ್ಟಿದ ದೇಶ ಹತ್ತು ವರ್ಷ ಒಳಗೆ ಬಿಟ್ಟುಕೊಳ್ಳಲಿಲ್ಲ. 1990ರ ಕೊನೆಯಲ್ಲಿ ಸೋತುಹೋಗಿ, ತಾನು ಇಸ್ಲಾಮನ್ನು ನಂಬುತ್ತೇನೆ ಎಂದು ಹೇಳಿಕೆಗೆ ಸಹಿ ಹಾಕಿದರು. ಆದೇಶ ಒಂದಿಂಚೂ ಅಲುಗಲಿಲ್ಲ. ಆ ಸಹಿಯೇ ತನ್ನ ಬದುಕಿನ ದೊಡ್ಡ ತಪ್ಪು ಎಂದು ಆಮೇಲೆ ಹಲವು ಸಲ ಹೇಳಿದ್ದಾರೆ.

ಕಾವಲಿಲ್ಲದವರು

ರಶ್ದಿಯ ಸುತ್ತ ಬಂದೂಕು ಹಿಡಿದ ಪೊಲೀಸರಿದ್ದರು. ಆದರೆ ಆದೇಶದಲ್ಲಿ ಪುಸ್ತಕ ಹೊರತಂದ ಎಲ್ಲರೂ ಇದ್ದರು, ಅಲ್ವಾ? ಅವರ ಮನೆ ಮುಂದೆ ಸದಾ ಕಾಯುವವರು ಇರಲಿಲ್ಲ.

ಹಿತೋಶಿ ಇಗರಾಶಿ ಜಪಾನಿನ ತ್ಸುಕುಬಾ ವಿಶ್ವವಿದ್ಯಾಲಯದಲ್ಲಿ ಇಸ್ಲಾಮಿಕ್ ಸಂಸ್ಕೃತಿ ಕಲಿಸುತ್ತಿದ್ದರು. ಇರಾನಿನಲ್ಲಿ ಓದಿದ್ದರು. ಮಧ್ಯಯುಗದ ವೈದ್ಯ, ತತ್ವಜ್ಞಾನಿ ಇಬ್ನ್ ಸಿನಾನ ಗ್ರಂಥವನ್ನು ಜಪಾನಿ ಭಾಷೆಗೆ ತಂದವರು. ಇಸ್ಲಾಮನ್ನು ಜಪಾನಿಯರಿಗೆ ಪ್ರೀತಿಯಿಂದ ಪರಿಚಯಿಸಿದ ಮನುಷ್ಯ. 'ಸಟಾನಿಕ್ ವರ್ಸಸ್' ಅನುವಾದಿಸಿದ್ದಕ್ಕೆ 1991ರ ಜುಲೈನಲ್ಲಿ ಅವರ ಕಚೇರಿಯ ಹೊರಗೆ ಇರಿದು ಕೊಂದರು. ಯಾರೂ ಸಿಕ್ಕಿಬೀಳಲಿಲ್ಲ. 2006ರಲ್ಲಿ ಕಾನೂನಿನ ಕಾಲಮಿತಿ ಮುಗಿದು ಪ್ರಕರಣವೂ ಮುಗಿಯಿತು.

ಅದಕ್ಕೆ ಕೆಲವೇ ದಿನ ಮುಂಚೆ ಮಿಲಾನ್‌ನಲ್ಲಿ ಇಟಾಲಿಯನ್ ಅನುವಾದಕ ಎತ್ತೋರೆ ಕಪ್ರಿಯೋಲೊ ಮನೆಗೆ ಒಬ್ಬ ಬಂದ. ಅವನು ಕೇಳಿದ್ದು ರಶ್ದಿಯ ವಿಳಾಸ. ಕೊಡಲು ಅವರ ಹತ್ತಿರ ಏನೂ ಇರಲಿಲ್ಲ. ಇರಿದು ಹೋದ. ಅವರು ಬದುಕಿದರು. 1993ರ ಅಕ್ಟೋಬರ್ 11ಕ್ಕೆ ಓಸ್ಲೋದಲ್ಲಿ ನಾರ್ವೆಯ ಪ್ರಕಾಶಕ ವಿಲಿಯಂ ನ್ಯೂಗೋರ್ ಅವರಿಗೆ ಮನೆ ಮುಂದೆಯೇ ಮೂರು ಗುಂಡು. ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದು ಮತ್ತೆ ಕೆಲಸಕ್ಕೆ ಮರಳಿದರು. ಆ ಪ್ರಕರಣದಲ್ಲಿ ಪೊಲೀಸರು ಆರೋಪ ದಾಖಲಿಸಿದ್ದು 25 ವರ್ಷದ ಗಡುವು ಮುಗಿಯಲು ಕೆಲವೇ ದಿನ ಇದ್ದಾಗ, 2018ರಲ್ಲಿ.

ಟರ್ಕಿಯಲ್ಲಿ ಆದದ್ದು ಎಲ್ಲಕ್ಕಿಂತ ಘೋರ. ಹಾಸ್ಯ ಬರಹಗಾರ ಅಜೀಜ್ ನೆಸಿನ್ ಈ ಕಾದಂಬರಿಯ ಭಾಗಗಳನ್ನು ಪತ್ರಿಕೆಯಲ್ಲಿ ಅಚ್ಚು ಮಾಡಿಸಿದ್ದರು. 1993ರ ಜುಲೈ 2ಕ್ಕೆ ಸಿವಾಸ್ ಎಂಬ ಊರಿನಲ್ಲಿ ಅವರು ಉಳಿದುಕೊಂಡಿದ್ದ ಹೋಟೆಲನ್ನು ಗುಂಪೊಂದು ಸುತ್ತುವರಿದು ಬೆಂಕಿ ಹಚ್ಚಿತು. ನೆಸಿನ್ ಹೇಗೋ ಪಾರಾದರು. ಒಳಗಿದ್ದ ಮೂವತ್ತಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಸಾಂಸ್ಕೃತಿಕ ಹಬ್ಬಕ್ಕೆ ಬಂದ ಅಲೆವಿ ಪಂಥದ ಕವಿಗಳು, ಹಾಡುಗಾರರು, ಹುಡುಗ ಹುಡುಗಿಯರು. ಅವರಿಗೂ ಪುಸ್ತಕಕ್ಕೂ ಏನೂ ಸಂಬಂಧ ಇರಲಿಲ್ಲ.

ಬ್ರಸೆಲ್ಸ್‌ನಲ್ಲಿ ಫತ್ವಾ ವಿಷಯದಲ್ಲಿ ಮೆತ್ತಗೆ ಮಾತಾಡಿದ ಇಮಾಮ್ ಒಬ್ಬರನ್ನೂ ಅವರ ಸಹಾಯಕರನ್ನೂ 1989ರಲ್ಲೇ ಗುಂಡಿಟ್ಟು ಕೊಂದಿದ್ದರು. ಲಂಡನ್‌ನಲ್ಲಿ, ಅಮೆರಿಕದ ಬರ್ಕ್ಲಿಯಲ್ಲಿ ಪುಸ್ತಕದಂಗಡಿಗಳಿಗೆ ಬಾಂಬ್ ಇಟ್ಟರು. ಲಂಡನ್ನಿನ ಹೋಟೆಲ್ ಕೋಣೆಯಲ್ಲಿ ರಶ್ದಿಗೆಂದು ಬಾಂಬ್ ಕಟ್ಟುತ್ತಿದ್ದವನು ಅದು ಕೈಯಲ್ಲೇ ಸಿಡಿದು ಸತ್ತ. ಕಡಿಮೆ ಬೆಲೆಯ ಪೇಪರ್‌ಬ್ಯಾಕ್ ಮುದ್ರಣ 1992ರಲ್ಲಿ ಬಂದಾಗ ಪ್ರಕಾಶಕರ ಹೆಸರಿನ ಜಾಗದಲ್ಲಿ 'ಒಕ್ಕೂಟ' ಎಂಬರ್ಥದ ಪದ ಮಾತ್ರ ಇತ್ತು.

ಮುಗಿಯಿತು ಎಂದುಕೊಂಡ ವರ್ಷಗಳು

1998ರ ಸೆಪ್ಟೆಂಬರ್ 24ಕ್ಕೆ ನ್ಯೂಯಾರ್ಕ್‌ನಲ್ಲಿ ಇರಾನ್ ಮತ್ತು ಬ್ರಿಟನ್ನಿನ ವಿದೇಶಾಂಗ ಸಚಿವರು ಭೇಟಿಯಾದರು. ಸುಧಾರಣಾವಾದಿ ಖತಾಮಿ ಆಗ ಇರಾನಿನ ಅಧ್ಯಕ್ಷರು. ರಶ್ದಿಯ ಜೀವಕ್ಕೆ ಅಪಾಯ ತರುವ ಕೆಲಸ ತಮ್ಮ ಸರ್ಕಾರ ಮಾಡುವುದಿಲ್ಲ, ಮಾಡುವವರಿಗೆ ನೆರವಾಗುವುದಿಲ್ಲ, ಬಹುಮಾನದ ಹಣಕ್ಕೂ ತಮಗೂ ಸಂಬಂಧವಿಲ್ಲ ಎಂದು ಇರಾನಿನ ವಿದೇಶಾಂಗ ಸಚಿವರು ಹೇಳಿದರು. ಎರಡೂ ದೇಶ ರಾಯಭಾರಿಗಳನ್ನು ಕಳಿಸಿಕೊಂಡವು. ರಶ್ದಿ ಖುಷಿಪಟ್ಟರು.

ಆ ಮಾತಿನಲ್ಲಿ ಏನಿಲ್ಲ ಅನ್ನೋದನ್ನು ನೋಡಿ. ಫತ್ವಾ ರದ್ದು ಎಂದಿಲ್ಲ. ಬಹುಮಾನ ರದ್ದು ಎಂದಿಲ್ಲ. ಸರ್ಕಾರ ಮಾತ್ರ ಪಕ್ಕಕ್ಕೆ ಸರಿಯಿತು. ಒಂದು ಲೆಕ್ಕದಲ್ಲಿ ಇದು ನಿಜವಾದ ಲಾಭವೇ. ತರಬೇತಿ ಪಡೆದ, ರಾಯಭಾರ ಕಚೇರಿಯ ನೆರವಿರುವ ಕೊಲೆಗಾರನ ಅಪಾಯ ಕಡಿಮೆಯಾಯಿತು. ಪೊಲೀಸರು ಅಳೆಯಬಲ್ಲ ಅಪಾಯ ಅದು. ಉಳಿದದ್ದು ಅಳೆಯಲಾಗದ್ದು: ಎಲ್ಲೋ ಒಬ್ಬ, ಎಂದೋ ಒಂದು ದಿನ.

ಬಹುಮಾನದ ಮೊತ್ತ ಏರುತ್ತಲೇ ಹೋಯಿತು. 2016ರಲ್ಲಿ ಇರಾನಿನ ಮಾಧ್ಯಮ ಸಂಸ್ಥೆಗಳು ಸೇರಿ ಇನ್ನೂ 6 ಲಕ್ಷ ಡಾಲರ್ ಸೇರಿಸಿದವು. 2019ರಲ್ಲಿ ಖಮೇನಿ ಹೆಸರಿನ ಟ್ವಿಟರ್ ಖಾತೆ ಆ ಆದೇಶ ಗಟ್ಟಿ, ಬದಲಾಗದು ಎಂದು ಬರೆಯಿತು.

ರಶ್ದಿ ಮಾತ್ರ ಬದುಕನ್ನು ವಾಪಸ್ ತೆಗೆದುಕೊಂಡರು. 2000ದಲ್ಲಿ ನ್ಯೂಯಾರ್ಕ್‌ಗೆ ಹೋದರು. 2002ರ ಹೊತ್ತಿಗೆ ಬ್ರಿಟನ್ನಿನ ಕಾವಲೂ ಮುಗಿಯಿತು. ಬೀದಿಯಲ್ಲಿ ನಡೆದರು, ಪಾರ್ಟಿಗಳಿಗೆ ಹೋದರು, ಕಾಲೇಜಿನಲ್ಲಿ ಪಾಠ ಮಾಡಿದರು. ಭಾರತಕ್ಕೂ ಬಂದರು. 2012ರ ಜನವರಿಯಲ್ಲಿ ಜೈಪುರ ಸಾಹಿತ್ಯ ಹಬ್ಬಕ್ಕೆ ಮಾತ್ರ ಬರಲಾಗಲಿಲ್ಲ. ಕೊಲೆಗಾರರು ಹೊರಟಿದ್ದಾರೆ ಎಂಬ ಎಚ್ಚರಿಕೆ ಬಂತು, ಅದು ನಿಜವೋ ಕಟ್ಟಿದ್ದೋ ಎಂಬ ಜಗಳವೂ ಆಯಿತು. ಕೊನೆಗೆ ವಿಡಿಯೋದಲ್ಲಿ ಮಾತಾಡುವುದೂ ರದ್ದು. ಅವರ ಪುಸ್ತಕದ ಸಾಲು ಓದಿದ ನಾಲ್ವರು ಲೇಖಕರು ಜೈಪುರ ಬಿಟ್ಟು ಹೋಗಬೇಕಾಯಿತು.

ಇಂಥದ್ದು ರಶ್ದಿಗೆ ಮಾತ್ರ ಆದದ್ದಲ್ಲ. ಈಜಿಪ್ಟಿನ ನಗೀಬ್ ಮಹಫೂಜ್ 1959ರಲ್ಲಿ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರೆದ ಕಾದಂಬರಿಗೆ ಧರ್ಮನಿಂದನೆಯ ಆರೋಪ ಅಂಟಿತ್ತು. ಅವರಿಗೆ ನೊಬೆಲ್ ಬಂದದ್ದು 1988ರಲ್ಲಿ. 1994ರಲ್ಲಿ, ಅಂದರೆ 35 ವರ್ಷ ಕಳೆದ ಮೇಲೆ, 82ರ ಆ ಮುದುಕನ ಕುತ್ತಿಗೆಗೆ ಒಬ್ಬ ಚಾಕು ಹಾಕಿದ. ಅವನೂ ಕಾದಂಬರಿ ಓದಿರಲಿಲ್ಲ. ಮಹಫೂಜ್ ಬದುಕಿದರು, ಬರೆಯುವ ಕೈ ಮೊದಲಿನಂತೆ ಆಗಲಿಲ್ಲ.

ನಮ್ಮ ಪಕ್ಕದ ತಮಿಳುನಾಡಿನ ಪೆರುಮಾಳ್ ಮುರುಗನ್ ಕತೆಯೂ ಗೊತ್ತಿರಬಹುದು. ಅಲ್ಲಿ ಬೆದರಿಕೆ ಊರಿನೊಳಗಿನದು, ಜಾತಿ ಸಂಘಟನೆಗಳದ್ದು. 2015ರ ಜನವರಿಯಲ್ಲಿ ಅವರು ಲೇಖಕ ಮುರುಗನ್ ಸತ್ತ ಎಂದು ಬರೆದರು. ಮುಂದಿನ ವರ್ಷ ಮದ್ರಾಸ್ ಹೈಕೋರ್ಟ್ ಅವರ ಪರ ತೀರ್ಪು ಕೊಟ್ಟಿತು, ಮತ್ತೆ ಬರೆಯಿರಿ ಎಂದಿತು. ಅವರು ಮತ್ತೆ ಬರೆದರು. ವ್ಯತ್ಯಾಸ ಇಲ್ಲಿದೆ: ಮುರುಗನ್‌ರನ್ನು ಬೆದರಿಸಿದವರನ್ನು ಹೆಸರು ಹಿಡಿದು ಕೋರ್ಟಿಗೆ ಕರೆಯಬಹುದಿತ್ತು. ರಶ್ದಿಯ ಪ್ರಕರಣದಲ್ಲಿ ಕರೆಯುವುದು ಯಾರನ್ನು?

ಷಟಾಕ್ವಾದ ಮೇಲೆ

ಅಮೆರಿಕದ ತನಿಖೆಯಲ್ಲಿ ಕೊಂಡಿಗಳು ಕಂಡವು. ಇರಿದ ಯುವಕನನ್ನು ಕೆಣಕಿದ್ದು 1989ರ ರೇಡಿಯೋ ಪ್ರಕಟಣೆ ನೇರವಾಗಿ ಅಲ್ಲ ಎನ್ನುತ್ತಾರೆ ಕೇಂದ್ರ ಸರ್ಕಾರದ ವಕೀಲರು. ಅದನ್ನು ಬೆಂಬಲಿಸಿ ಲೆಬನಾನಿನ ಸಶಸ್ತ್ರ ಸಂಘಟನೆ ಹೆಜ್ಬೊಲ್ಲಾದ ನಾಯಕ 2006ರಲ್ಲಿ ಮಾಡಿದ ಭಾಷಣ ಅವನ ಮೇಲೆ ಪರಿಣಾಮ ಬೀರಿತು ಎಂಬುದು ಅವರ ಆರೋಪ. ಟೆಹರಾನ್‌ನಿಂದ ಬೈರೂತ್, ಅಲ್ಲಿಂದ ಇಂಟರ್ನೆಟ್, ಅಲ್ಲಿಂದ ಆ ಯುವಕನಿದ್ದ ನ್ಯೂಜೆರ್ಸಿ. ಪ್ರತಿ ಕೈ ದಾಟಿದಾಗಲೂ ಪುಸ್ತಕ ಇನ್ನಷ್ಟು ದೂರವಾಗಿ, ಶಿಕ್ಷೆ ಮಾತ್ರ ಉಳಿಯಿತು. ದಾಳಿಯಾದ ಮೂರು ದಿನಕ್ಕೆ ಇರಾನಿನ ವಿದೇಶಾಂಗ ಇಲಾಖೆ ನಮಗೂ ಇದಕ್ಕೂ ಸಂಬಂಧವಿಲ್ಲ ಎಂದಿತು, ತಪ್ಪು ರಶ್ದಿ ಮತ್ತು ಅವರ ಬೆಂಬಲಿಗರದ್ದೇ ಎಂದೂ ಸೇರಿಸಿತು.

2025ರ ಫೆಬ್ರವರಿಯಲ್ಲಿ ರಾಜ್ಯದ ಕೋರ್ಟಿನಲ್ಲಿ ವಿಚಾರಣೆ ನಡೆಯಿತು. ರಶ್ದಿ ಬಂದು, ಇರಿದವನಿಂದ ಸ್ವಲ್ಪವೇ ದೂರದಲ್ಲಿ ಕೂತು ಸಾಕ್ಷಿ ಹೇಳಿದರು. ತಪ್ಪಿತಸ್ಥ ಎಂದಾಯಿತು. ಮೇ 16ಕ್ಕೆ 25 ವರ್ಷ ಜೈಲು. 2024ರಲ್ಲಿ ಬಂದ 'ನೈಫ್' ಪುಸ್ತಕದಲ್ಲಿ ರಶ್ದಿ ಅವನ ಹೆಸರನ್ನು ಎಲ್ಲೂ ಬರೆದಿಲ್ಲ. ನಾನೂ ಅದಕ್ಕೇ ಬರೆದಿಲ್ಲ.

ಕನ್ನಡದವರಿಗೆ ಇಲ್ಲೊಂದು ವಿಷಯ. ಚಾಕು ಬೀಳುವ ಮುಂಚೆಯೇ ಅವರು ಮುಗಿಸಿಟ್ಟಿದ್ದ ಕಾದಂಬರಿ 'ವಿಕ್ಟರಿ ಸಿಟಿ' 2023ರ ಫೆಬ್ರವರಿಯಲ್ಲಿ ಬಂತು. ಅದು ವಿಜಯನಗರದ ಕತೆ. ಹಂಪಿಯ ನೆಲದಲ್ಲಿ ಪಂಪ ಕಂಪನ ಎಂಬ ಹೆಣ್ಣು ಬೀಜ ಬಿತ್ತಿ ಊರು ಬೆಳೆಸುತ್ತಾಳೆ, ಅದರ ಜನರಿಗೆ ಕಿವಿಯಲ್ಲಿ ಕತೆ ಉಸುರಿ ನೆನಪು ಕೊಡುತ್ತಾಳೆ. ಕೊನೆಯ ಭಾಗದಲ್ಲಿ ರಾಜನ ಅಪ್ಪಣೆಯಂತೆ ಅವಳ ಕಣ್ಣು ಕೀಳುತ್ತಾರೆ. ಕುರುಡಿಯಾದ ಮೇಲೂ ಅವಳು ಬರೆಯುವುದನ್ನು ನಿಲ್ಲಿಸುವುದಿಲ್ಲ. ಒಂದು ಕಣ್ಣು ಕಳೆದುಕೊಂಡ ಲೇಖಕನ ಆ ಪುಟಗಳನ್ನು ಈಗ ಓದುವುದು ಸುಲಭವಲ್ಲ.

ಇನ್ನು ಭಾರತದ ನಿಷೇಧ ಏನಾಯಿತು? ಪುಸ್ತಕ ತರಿಸಿಕೊಳ್ಳಲು ಹೊರಟ ಓದುಗರೊಬ್ಬರು 2019ರಲ್ಲಿ ದೆಹಲಿ ಹೈಕೋರ್ಟಿಗೆ ಹೋದರು. 1988ರ ಅಕ್ಟೋಬರ್ 5ರ ಅಧಿಸೂಚನೆ ತೋರಿಸಿ ಎಂದು ಕೋರ್ಟ್ ಕೇಳಿತು. ಇಲಾಖೆಗಳು ಹುಡುಕಿದವು. ಸಿಗಲಿಲ್ಲ. ಅಂಥ ಅಧಿಸೂಚನೆಯೇ ಇಲ್ಲವೆಂದು ಭಾವಿಸದೆ ಬೇರೆ ದಾರಿಯಿಲ್ಲ ಎಂದು 2024ರ ನವೆಂಬರಿನಲ್ಲಿ ಕೋರ್ಟ್ ಹೇಳಿತು. ಮುಂದಿನ ತಿಂಗಳೇ ದೆಹಲಿಯ ಅಂಗಡಿಯೊಂದರಲ್ಲಿ ಪುಸ್ತಕ ಮಾರಾಟಕ್ಕೆ ಬಂತು, ಬೆಲೆ 1,999 ರೂಪಾಯಿ. ಕೆಲವು ಸಂಘಟನೆಗಳು ಮತ್ತೆ ನಿಷೇಧಿಸಿ ಎಂದವು. 2025ರ ಸೆಪ್ಟೆಂಬರಿನಲ್ಲಿ ಅಂಥದೊಂದು ಅರ್ಜಿ ಸುಪ್ರೀಂ ಕೋರ್ಟಿಗೂ ಹೋಯಿತು. ಕೋರ್ಟ್ ಅದನ್ನು ಕೈಗೆತ್ತಿಕೊಳ್ಳಲಿಲ್ಲ.